ಮೂರು ಮೆಟ್ಟಿಲು ನುಂಗಿದ ರಸ್ತೆ

ನಮ್ಮ ಎದುರು ಮನೆ ಮೇಷ್ಟ್ರು 1994ರಲ್ಲಿ ಮನೆ ಕಟ್ಟಿಸಿದಾಗ ರಸ್ತೆಯಿಂದ ಅವರ ಗೇಟಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ಚಪ್ಪಡಿ ಕಲ್ಲಿನ ಮೆಟ್ಟಿಲು, ಒಂದೊಂದೂ ಆರಾರು ಇಂಚು. ಮೊದಲನೆಯದು ಒಂದು ಚುನಾವಣೆ ವರ್ಷ ಹೋಯಿತು. ಎರಡನೆಯದು ಅದರ ಮುಂದಿನ ಚುನಾವಣೆಗೆ. ಮೂರನೆಯದು ಯಾವಾಗ ಹೋಯಿತು ಅಂತ ಅವರಿಗೇ ಗೊತ್ತಿಲ್ಲ. ಒಂದು ದಿನ ಬೆಳಗ್ಗೆ ಹಾಲು ತರೋಕೆ ಹೊರಟವರು ಗೇಟು ತೆಗೆದು, ಅಭ್ಯಾಸಬಲದಿಂದ ಇಳಿಯೋಕೆ ಕಾಲು ಚಾಚಿದ್ದಾರೆ. ಇಳಿಯೋಕೆ ಏನೂ ಇರಲಿಲ್ಲ. ರಸ್ತೆಯೇ ಎದ್ದು ಗೇಟಿಗೆ ಬಂದು ನಿಂತಿತ್ತು.

ಮೆಟ್ಟಿಲು ಎಲ್ಲೂ ಕಳೆದುಹೋಗಿಲ್ಲ. ಮೂರೂ ಅಲ್ಲೇ ಇವೆ, ಡಾಂಬರಿನ ಕೆಳಗೆ ನೆಮ್ಮದಿಯಾಗಿ. ಹಳೇ ರಸ್ತೆ ಕೆರೆದು ತೆಗೆದು ಹೊಸದು ಹಾಕಬೇಕು ಅನ್ನೋದು ನಿಯಮ. ಹಳೇದರ ಮೇಲೇ ಹೊಸದನ್ನು ಬಳಿದು ಹೋಗೋದು ಪದ್ಧತಿ. ನಿಯಮಕ್ಕಿಂತ ಪದ್ಧತಿ ದೊಡ್ಡದು ಅಲ್ವಾ? ಹಾಗಾಗಿ ನಮ್ಮ ಬೀದಿಯಲ್ಲಿ ಮೂವತ್ತು ವರ್ಷದಿಂದ ಮನೆಗಳೆಲ್ಲ ಕೂತಲ್ಲೇ ಕೂತಿವೆ, ರಸ್ತೆ ಮಾತ್ರ ಬೆಳೆಯುತ್ತಾ ಇದೆ. ಈಗ ಮಳೆ ಬಂದರೆ ರಸ್ತೆ ನೀರು ಸೀದಾ ಮೇಷ್ಟ್ರ ಹಾಲ್‌ಗೆ ಬರುತ್ತದೆ. ಗೇಟಿನ ಬುಡಕ್ಕೆ ಅವರೇ ಸ್ವಂತ ದುಡ್ಡಲ್ಲಿ ಸಿಮೆಂಟಿನ ಒಂದು ದಿಣ್ಣೆ ಕಟ್ಟಿಸಿದ್ದಾರೆ. ಆ ದಿಣ್ಣೆ ದಾಟುವಾಗ ಸ್ಕೂಟರ್ ಹೊಟ್ಟೆ ಉಜ್ಜುತ್ತದೆ.

(ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು "ಇದು ನಮ್ಮ ಬೀದಿ ಕಥೆ, ನೀವ್ಯಾಕೆ ನಿಮ್ಮದು ಅಂತೀರಿ?" ಎಂದು ಜಗಳಕ್ಕೆ ಬರುತ್ತಾರೆ.)

ಇಂಥ ಮೇಷ್ಟ್ರ ಮನೆಗೆ ಒಂದು ನೋಟಿಸು ಬಂತು. ನಮ್ಮ ಮನೆಗೂ ಬಂತು. ಬೀದಿಯ ಎಲ್ಲರಿಗೂ ಬಂತು. "ರಸ್ತೆ ಅಭಿವೃದ್ಧಿಯಿಂದ ತಮ್ಮ ಸ್ವತ್ತಿನ ಮೌಲ್ಯವು ವೃದ್ಧಿಯಾಗಲಿರುವುದರಿಂದ, ಸುಧಾರಣಾ ವೆಚ್ಚದ ಬಾಬ್ತು ತಮ್ಮ ಪಾಲಿನ ಮೊಬಲಗನ್ನು ಕೂಡಲೇ ಪಾವತಿಸತಕ್ಕದ್ದು." ಮೇಷ್ಟ್ರು ಕಲಿಸುತ್ತಿದ್ದದ್ದು ಗಣಿತ. ಆದರೂ ವ್ಯಾಕರಣ ಬಿಡಲಿಲ್ಲ. "ನೋಡಿ, ಬೆಲೆ ಏರೋದು ಭವಿಷ್ಯತ್ಕಾಲ. ದುಡ್ಡು ಕಟ್ಟೋದು ವರ್ತಮಾನಕಾಲ. ರಸ್ತೆಗೆ ಮಾತ್ರ ಯಾವ ಕಾಲವೂ ಇಲ್ಲ" ಎಂದರು.

ತತ್ವದಲ್ಲಿ ತಪ್ಪೇನಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಮನೆ ಮುಂದೆ ಒಳ್ಳೆ ರಸ್ತೆ ಬಂದರೆ ಸೈಟಿಗೆ ಬೆಲೆ ಬರುತ್ತದೆ. ಲಾಭ ಆದವರು ಖರ್ಚಿನಲ್ಲಿ ಸ್ವಲ್ಪ ಹೊರಲಿ ಅನ್ನೋದು ಲೋಕದಲ್ಲೆಲ್ಲ ಇರುವ ಪದ್ಧತಿ. ನಮ್ಮ ಜನ ಅದನ್ನು 'ಬೆಟರ್‌ಮೆಂಟ್ ಚಾರ್ಜ್' ಅಂತಲೇ ಕರೆಯುತ್ತಾರೆ. ಖಾತಾ ಮಾಡಿಸೋಕೆ ಓಡಾಡಿದ ಯಾರನ್ನು ಬೇಕಾದರೂ ಕೇಳಿ, ಈ ಪದ ಬಾಯಿಪಾಠ ಇರುತ್ತದೆ. ತಮಾಷೆ ಅಂದರೆ ಈ ಚಾರ್ಜ್ ಕಟ್ಟಿದ ತಕ್ಷಣ ಬೆಟರ್ ಆಗೋದು ಖಾತಾ. ಬೀದಿ ಹಾಗೇ ಇರುತ್ತದೆ.

ಬೆಂಗಳೂರಿನ ನೆಂಟರು ಇದನ್ನು ಕೇಳಿ ನಕ್ಕರು. ಅವರಿರುವುದು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಿದ 110 ಹಳ್ಳಿಗಳ ಪೈಕಿ ಒಂದರಲ್ಲಿ. ಆ ಹಳ್ಳಿಗಳಿಗೆ ನೀರು ಕೊಡೋಕೆ ಅಂತ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಹಳ್ಳಿ ಸಿಟಿಯಾಗಿ ಹದಿನೇಳು ವರ್ಷ ಆದಮೇಲೆ. ಅಷ್ಟರಲ್ಲಿ ಪೈಪಿಗೆ ಒಂದು ಸಲ, ಒಳಚರಂಡಿಗೆ ಒಂದು ಸಲ ಅಂತ ರಸ್ತೆ ಅಗೆದದ್ದಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸುದ್ದಿಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. "ಮೊದಲು ಗುಂಡಿಗೆ ಒಬ್ಬರನ್ನೇ ಬೈತಿದ್ವಿ. ಈಗ ಗುಂಡಿ ಯಾವ ಪಾಲಿಕೆಗೆ ಸೇರುತ್ತೆ ಅಂತ ಮ್ಯಾಪ್ ನೋಡಿ ಬೈಬೇಕು" ಎಂದರು ನೆಂಟರು.

ಸರಿ, ನಮ್ಮ ಊರಿಗೆ ಬರೋಣ. ನೋಟಿಸಿನ ಬಗ್ಗೆ ವಿವರಣೆ ಕೊಡೋಕೆ ಭಾನುವಾರ ಗಣಪತಿ ಗುಡಿ ಪಕ್ಕದ ಪಾರ್ಕಿನಲ್ಲಿ ಸಭೆ ಕರೆದರು. ಎಇ, ಅಂದರೆ ಸಹಾಯಕ ಎಂಜಿನಿಯರ್ ಸಾಹೇಬರು ಬಂದರು. ವಯಸ್ಸು ಚಿಕ್ಕದು, ಒಳ್ಳೆ ಹುಡುಗ, ಮೇಷ್ಟ್ರನ್ನು ಕಂಡು ಎದ್ದು ನಿಂತ. ಅವರ ಹಳೇ ಶಿಷ್ಯನಂತೆ.

"ರಸ್ತೆ ಆದ್ರೆ ನಿಮ್ಮ ಸೈಟಿನ ರೇಟು ಎಷ್ಟು ಏರುತ್ತೆ ಗೊತ್ತಾ ಸಾರ್?"

"ಏರುತ್ತಪ್ಪ. ಒಪ್ಪಿದೆ. ಒಳ್ಳೇ ರಸ್ತೆಯಿಂದ ಬೆಲೆ ಏರುತ್ತೆ ಅಂದ್ರೆ, ಕೆಟ್ಟ ರಸ್ತೆಯಿಂದ ಇಳಿಯುತ್ತೆ, ಅಲ್ವಾ?"

"ಹೌದು ಸಾರ್, ಲಾಜಿಕ್ ಪ್ರಕಾರ..."

"ಹನ್ನೊಂದು ವರ್ಷದಿಂದ ಈ ಬೀದಿ ಕೆಟ್ಟು ಕೂತಿದೆ. ಹನ್ನೊಂದು ವರ್ಷ ನನ್ನ ಸ್ವತ್ತಿನ ಬೆಲೆ ನೀವು ಇಳಿಸಿದ್ದೀರಿ. ಅದಕ್ಕೆ ನೀವು ನನಗೆ ಕೊಡಬೇಕಾದದ್ದು ಎಷ್ಟು? ಅದರಲ್ಲಿ ಇದನ್ನ ಕಳೆದು, ಬಾಕಿ ನನಗೆ ಕೊಡಪ್ಪ."

ಹುಡುಗ ಫೈಲು ತಿರುವಿದ. ಮುಂದಿನ ಹಾಳೆ, ಹಿಂದಿನ ಹಾಳೆ. "ಸಾರ್, ಏರಿದ್ದಕ್ಕೆ ಹೆಡ್ ಇದೆ. ಇಳಿದಿದ್ದಕ್ಕೆ ಹೆಡ್ ಇಲ್ಲ" ಎಂದ.

ಹೆಡ್ ಅಂದರೆ ಲೆಕ್ಕಪುಸ್ತಕದ ಶೀರ್ಷಿಕೆ. ಸರ್ಕಾರಿ ಲೆಕ್ಕದಲ್ಲಿ ಹೆಡ್ ಇಲ್ಲ ಅಂದರೆ ಮುಗಿಯಿತು. ಹೆಡ್ ಇಲ್ಲದ ವಸ್ತು ಭೂಮಿ ಮೇಲೆ ಇದ್ದರೂ ಇಲ್ಲದ ಹಾಗೆ.

ಅಲ್ಲಿಂದ ಸಭೆ ಕೈತಪ್ಪಿತು. ಮೂಲೆ ಸೈಟಿನವರು ಎದ್ದರು. ಪಾಲನ್ನು ಹಾಕಿದ್ದು ಸೈಟಿನ ಮುಂಭಾಗದ ಅಡಿ ಲೆಕ್ಕದಲ್ಲಿ. ಅವರದು ಎರಡು ಕಡೆ ರಸ್ತೆ, ಎರಡು ಪಾಲು. ಕೊಳ್ಳುವಾಗ ಮೂಲೆ ಸೈಟು, ಈಶಾನ್ಯ ದಿಕ್ಕು ಅಂತ ಜಾಸ್ತಿ ಕೊಟ್ಟು ಕೊಂಡವರು. "ಆವತ್ತು ವಾಸ್ತು ನೋಡಿದವನ ನಂಬರ್ ಇದೆಯಾ?" ಅಂತ ಹೆಂಡತಿಯನ್ನು ಕೇಳುತ್ತಿದ್ದರು. ಬಾಡಿಗೆದಾರರು ಹಿಂದಿನ ಬೆಂಚಿನಲ್ಲಿ ನಗುತ್ತಾ ಕೂತಿದ್ದರು, ಮಾಲೀಕರು ತಿರುಗಿ ನೋಡುವ ತನಕ.

ನನಗೆ ಕಾಡಿದ ಪ್ರಶ್ನೆ ಬೇರೆ. ಈ ರಸ್ತೆಯನ್ನು ಹಾಳು ಮಾಡುತ್ತಿರೋದು ಯಾರು? ನಮ್ಮ ನಲ್ಲಿಯಲ್ಲಿ ವಾರಕ್ಕೆರಡು ದಿನ ನೀರು, ಅದೂ ರಾತ್ರಿ ಎರಡು ಗಂಟೆಗೆ. ಉಳಿದ ದಿನ ಟ್ಯಾಂಕರ್. ತುಂಬಿದ ಟ್ಯಾಂಕರ್ ಬೀದಿಗೆ ನುಗ್ಗಿದರೆ ನಮ್ಮ ಷೋಕೇಸಿನ ಗಾಜು ಗಿಣಿಗಿಣಿ ಅನ್ನುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಬೇಕಂತಲೇ ರಸ್ತೆ ಹಾಕಿ, ಅದರ ಮೇಲೆ ಹಗಲೂ ರಾತ್ರಿ ಲಾರಿ ಓಡಿಸಿ ನೋಡಿದ್ದರು. ಅದರಿಂದ ಎಂಜಿನಿಯರುಗಳು ಹಿಡಿದುಕೊಂಡ ಲೆಕ್ಕ ಇಷ್ಟು: ರಸ್ತೆಗೆ ಬೀಳುವ ಏಟು ಆ್ಯಕ್ಸಲ್ (ಚಕ್ರಗಳ ಅಚ್ಚು) ಭಾರದ ಸುಮಾರು ನಾಲ್ಕನೇ ಘಾತದಷ್ಟು. ಭಾರ ಎರಡು ಪಟ್ಟಾದರೆ ಏಟು 16 ಪಟ್ಟು. ಇದನ್ನು ಹೇಳಿದ್ದೇ ತಡ, ಮೇಷ್ಟ್ರಿಗೆ ಹಳೇ ಹುರುಪು ಬಂತು. ನೋಟಿಸಿನ ಹಿಂದೆಯೇ ಲೆಕ್ಕ ಹಾಕಿದರು. ಅವರ ಸ್ಕೂಟರ್ ಒಂದು ಕಡೆ, ಟ್ಯಾಂಕರ್ ಒಂದು ಕಡೆ. ಸೊನ್ನೆಗಳು ಹಾಳೆಯ ಅಂಚು ತಲುಪಿದವು. "ನಾನು ಸಾಯೋ ತನಕ ಹಗಲು ರಾತ್ರಿ ಸ್ಕೂಟರ್ ಓಡಿಸಿದ್ರೂ ಟ್ಯಾಂಕರ್ ಒಂದು ಟ್ರಿಪ್ಪಿನಷ್ಟು ಕೆಡಿಸೋಕೆ ಆಗಲ್ಲ" ಎಂದರು. ದನಿಯಲ್ಲಿ ಸ್ವಲ್ಪ ಬೇಜಾರೂ ಇತ್ತು.

ಹಾಗಾದರೆ ಟ್ಯಾಂಕರ್‌ನವನಿಗೆ ನೋಟಿಸು ಬಂತೇ? ಇಲ್ಲ. ಅವನ ಸೈಟು ನಮ್ಮ ಬೀದಿಯಲ್ಲಿಲ್ಲ. ನೀರು ಬಿಡದೇ ಇರೋದರಿಂದ ಟ್ಯಾಂಕರ್, ಟ್ಯಾಂಕರ್‌ನಿಂದ ಗುಂಡಿ, ಗುಂಡಿಯಿಂದ ಸುಧಾರಣಾ ಶುಲ್ಕ. ಮೂರಕ್ಕೂ ದುಡ್ಡು ಕೊಡೋರು ನಾವೇ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ಈ ಒಂದು ರಸ್ತೆಯನ್ನು ನಾವು ಎಷ್ಟು ಸಲ ಕೊಂಡಿದ್ದೇವೆ ಅಂತ ಆ ರಾತ್ರಿ ಲೆಕ್ಕ ಹಾಕಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ಕೇಂದ್ರದ ರಸ್ತೆ ಮತ್ತು ಮೂಲಸೌಕರ್ಯ ಸೆಸ್. ಕಾರು ಕೊಂಡ ದಿನವೇ ರಾಜ್ಯಕ್ಕೆ ಜೀವಾವಧಿ ತೆರಿಗೆ. 20 ಲಕ್ಷ ದಾಟಿದ ಪೆಟ್ರೋಲ್ ಕಾರಾದರೆ ಅದು 18%. ಜೀವಾವಧಿ ಅನ್ನೋ ಪದವನ್ನು ಅಲ್ಲಿಯ ತನಕ ಕೋರ್ಟು ಸುದ್ದಿಯಲ್ಲಿ ಮಾತ್ರ ಕೇಳಿದ್ದೆವು. ಅದು ಗಾಡಿಯ ಜೀವಾವಧಿ ಅಂತೆ. ರಸ್ತೆಯಿಂದಾಗಿ ಗಾಡಿಯ ಆಯಸ್ಸು ಅರ್ಧಕ್ಕೇ ಮುಗಿದರೆ ಅರ್ಧ ತೆರಿಗೆ ವಾಪಸ್ ಕೊಡುತ್ತಾರಾ ಅಂತ ಕೇಳಬೇಡಿ. ಹೆಡ್ ಇಲ್ಲ.

ಆಮೇಲೆ ಆಸ್ತಿ ತೆರಿಗೆ. ಅದರ ಮೇಲೆ ಆರೋಗ್ಯ ಸೆಸ್ 15%, ಗ್ರಂಥಾಲಯ ಸೆಸ್ 6%, ಭಿಕ್ಷುಕರ ಸೆಸ್ 3%. ಗ್ರಂಥಾಲಯದ್ದು ನನಗೆ ಖುಷಿಯೇ. ಭಿಕ್ಷುಕರದ್ದರ ಬಗ್ಗೆಯೂ ತಕರಾರಿಲ್ಲ. ಹೀಗೇ ನೋಟಿಸು ಬರ್ತಾ ಇದ್ದರೆ ಅದರ ಫಲಾನುಭವಿ ಪಟ್ಟಿಯಲ್ಲಿ ನಾವೂ ಇರುತ್ತೇವೆ. ಏಪ್ರಿಲ್ ಒಳಗೆ ಕಟ್ಟಿದರೆ 5% ರಿಯಾಯಿತಿ, ತಡ ಮಾಡಿದರೆ ದಂಡ. ಗುಂಡಿ ಮುಚ್ಚೋದು ತಡ ಮಾಡಿದವರಿಗೆ ಯಾವ ತಿಂಗಳಿಂದ ದಂಡ ಶುರು ಅಂತ ಬಿಲ್ ಕಲೆಕ್ಟರನ್ನು ಒಂದು ಸಲ ಕೇಳಿದ್ದೆ. ಪಾಪ, ನಾನು ಹುಷಾರಾಗಿದ್ದೇನಾ ಅಂತ ವಿಚಾರಿಸಿದ.

ಕಾನೂನು ಓದಿದ ಗೆಳೆಯನೊಬ್ಬ ಒಂದು ಸೂಕ್ಷ್ಮ ಹೇಳಿಕೊಟ್ಟ. ತೆರಿಗೆ ಬೇರೆ, ಶುಲ್ಕ ಬೇರೆ. ತೆರಿಗೆ ಕಟ್ಟಿದರೆ ಇಂಥದ್ದೇ ಕೊಡಿ ಅಂತ ಕೇಳೋ ಹಾಗಿಲ್ಲ. ಶುಲ್ಕ ಆದರೆ ಅದಕ್ಕೆ ಪ್ರತಿಯಾಗಿ ಏನಾದರೂ ಕೆಲಸ ಆಗಬೇಕು. ಅಂದರೆ ಇಷ್ಟು ವರ್ಷ ನಾವು ಕೇಳೋ ಹಕ್ಕಿಲ್ಲದ ದುಡ್ಡು ಕಟ್ಟಿದೆವು, ಈಗ ಕೇಳೋ ಹಕ್ಕಿರುವ ದುಡ್ಡು ಕಟ್ಟುತ್ತಿದ್ದೇವೆ. ಇದನ್ನೂ ಸುಧಾರಣೆ ಅಂತಲೇ ಅನ್ನಬೇಕು.

ಇನ್ನೊಂದು ಕಡೆಯಿಂದಲೂ ದುಡ್ಡು ಬರುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಕೇಬಲ್ ಹಾಕೋರು ರಸ್ತೆ ಅಗೆಯಬೇಕಾದರೆ ರಸ್ತೆ ಕತ್ತರಿಸೋ ಶುಲ್ಕ ಕಟ್ಟಬೇಕು, ಮೀಟರ್ ಲೆಕ್ಕದಲ್ಲಿ. ಹಸು ಹಾಲು ಕೊಟ್ಟರೆ ದುಡ್ಡು, ಮಾವು ಹಣ್ಣು ಬಿಟ್ಟರೆ ದುಡ್ಡು. ಒಡೆದರೆ ದುಡ್ಡು ಬರುವ ಆಸ್ತಿ ರಸ್ತೆಯೊಂದೇ. ಹಾಕುವಾಗ ನಮ್ಮಿಂದ, ಅಗೆಯುವಾಗ ಅವರಿಂದ. ಇಂಥ ಕಾಮಧೇನುವನ್ನು ಗಟ್ಟಿಯಾಗಿ ಕಟ್ಟೋಕೆ ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಕೊನೆಗೆ ಎಲ್ಲರೂ ಕಟ್ಟಿದೆವು. ಕಟ್ಟದಿದ್ದರೆ ಬಾಕಿ ಅಂತ ತೋರಿಸಿ ಇ-ಖಾತಾ ನಿಲ್ಲಿಸುತ್ತಾರೆ ಅಂತ ಯಾರೋ ಗಾಳಿಸುದ್ದಿ ಹಬ್ಬಿಸಿದರು. ಗಾಳಿಸುದ್ದಿಯಷ್ಟು ಚೆನ್ನಾಗಿ ವಸೂಲಿ ಮಾಡುವ ಸಿಬ್ಬಂದಿ ಇನ್ನೊಬ್ಬರಿಲ್ಲ. ಮೇಷ್ಟ್ರು ಚಲನ್‌ಗೆ ಪ್ಲಾಸ್ಟಿಕ್ ಕವರ್ ಹಾಕಿಸಿ ಇಟ್ಟುಕೊಂಡರು. ಮನೆಗೆ ನೀರು ನುಗ್ಗಿದರೆ ಅದಾದರೂ ಉಳಿಯಲಿ ಅಂತ.

ಕೆಲಸವೂ ಆಯಿತು, ಸುಳ್ಳು ಯಾಕೆ ಹೇಳಲಿ. ಒಂದು ರಾತ್ರಿ ಹತ್ತು ಗಂಟೆಗೆ ಲಾರಿ ಬಂತು, ರೋಲರ್ ಬಂತು. ಬಿಸಿ ಡಾಂಬರಿನ ವಾಸನೆಗೆ ಮಕ್ಕಳೆಲ್ಲ ಎದ್ದು ಬಾಲ್ಕನಿಗೆ ಬಂದವು. ಮೇಷ್ಟ್ರು ಪಂಚೆ ಮೇಲೆ ಸ್ವೆಟರ್ ಹಾಕಿಕೊಂಡು, ಸ್ಕೇಲ್ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. "ಹಳೇದು ಕೆರೆಯಲ್ವಾ ಕಂಟ್ರಾಕ್ಟರೇ?" ಅಂದರು. "ಮಷಿನ್ ಬೇರೆ ಸೈಟಲ್ಲಿದೆ ಸಾರ್. ಇದು ಗಟ್ಟಿ ಬೇಸು, ಇದರ ಮೇಲೇ ಹಾಕಿದ್ರೆ ಇನ್ನೂ ಸ್ಟ್ರಾಂಗು." ಬೆಳಗ್ಗೆ ಅಳೆದಾಗ ಮೂರು ಇಂಚು ಏರಿತ್ತು. ಮೇಷ್ಟ್ರ ಗೇಟು ಹೊರಗಡೆಗೆ ತೆರೆಯುತ್ತಿತ್ತು, ಈಗ ತೆರೆಯುತ್ತಿಲ್ಲ. ಕೆಳಗಿನ ಕಂಬಿ ಹೊಸ ಡಾಂಬರಿಗೆ ಸಿಕ್ಕಿಕೊಂಡಿತ್ತು. ವೆಲ್ಡಿಂಗ್‌ನವನನ್ನು ಕರೆಸಿ ಗೇಟು ಕತ್ತರಿಸಿ ಒಳಗಡೆಗೆ ತೆರೆಯುವ ಹಾಗೆ ಮಾಡಿಸಿದರು. ಗೇಟಿನಿಂದ ವರಾಂಡಕ್ಕೆ ಇಳಿಯೋಕೆ ಕಷ್ಟ ಆಯಿತು ಅಂತ ಮೆಟ್ಟಿಲನ್ನೂ ಕಟ್ಟಿಸಿದರು. ಮೂರು ಮೆಟ್ಟಿಲು, ಚಪ್ಪಡಿ ಕಲ್ಲು, ಒಂದೊಂದೂ ಆರಾರು ಇಂಚು. ಈ ಸಲ ಒಳಗಡೆಗೆ, ಕೆಳಮುಖವಾಗಿ.

ಹೋದ ವಾರ ರೆವಿನ್ಯೂ ಇನ್‌ಸ್ಪೆಕ್ಟರ್ ಬೀದಿ ಸರ್ವೆಗೆ ಬಂದಿದ್ದ. ಮೇಷ್ಟ್ರ ಗೇಟಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದ. ಟೇಪು ತೆಗೆದ. ರಸ್ತೆ ಮಟ್ಟದಿಂದ ಹಾಲ್‌ನ ನೆಲಕ್ಕೆ ಅಳೆದ. ಫಾರಂ ತಿರುವಿ ಹಾಕಿ, ಹುಬ್ಬು ಗಂಟಿಕ್ಕಿ ಕೇಳಿದ:

"ಸಾರ್, ಈ ಬೇಸ್‌ಮೆಂಟ್ ಯಾವಾಗ ಕಟ್ಟಿಸಿದ್ರಿ? ತೆರಿಗೆ ಫಾರಂನಲ್ಲಿ ತೋರಿಸೇ ಇಲ್ಲ?"