ಸ್ಪಷ್ಟನೆ: ಆ ಎರಡು ಹಾಡು ಮೊದಲು ಹಾಡಿದ್ದು ಜಾಕಿ ಡಿಶಾನನ್

ಬ್ರಿಟನ್ನಿನ ಸರ್ಚರ್ಸ್ ತಂಡದ 'ನೀಡಲ್ಸ್ ಅಂಡ್ ಪಿನ್ಸ್', 'ವೆನ್ ಯು ವಾಕ್ ಇನ್ ದ ರೂಮ್' ಹಾಡುಗಳನ್ನು ಅಮೆರಿಕದ ಜಾಕಿ ಡಿಶಾನನ್ ಆಮೇಲೆ ನಕಲು ಮಾಡಿದರು ಎಂಬ ಮಾತು ಓಡಾಡುತ್ತಿದೆ. ಅದು ಉಲ್ಟಾ. ಜಾಕಿಯ ರೆಕಾರ್ಡಿಂಗ್‌ಗಳು 1963ರವು. ಸರ್ಚರ್ಸ್ ಹಾಡಿದ್ದು 1964ರಲ್ಲಿ ಬಂತು, ಭರ್ಜರಿಯಾಗಿ ಗೆದ್ದಿತು. ಜಾಕಿಯ 'ನೀಡಲ್ಸ್' ಅಮೆರಿಕದ ಪಟ್ಟಿಯಲ್ಲಿ 84ನೇ ಸ್ಥಾನಕ್ಕೇ ನಿಂತಿತ್ತು. ಕೇಳಿದವರೇ ಕಡಿಮೆ, ನೆನಪಿಡೋದು ಯಾರು?

ಅನುಮಾನ ಇದ್ದರೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಜಾಕಿ 'ಪಿನ್ಸ್' ಅನ್ನೋದನ್ನು 'ಪಿನ್ಸಾ' ಅಂತ ಎಳೆಯುತ್ತಾರೆ. ಸರ್ಚರ್ಸ್ ಹಾಡಿನಲ್ಲೂ ಅದೇ ಬಾಲ ಇದೆ!

ಇನ್ನೊಂದು ತಪ್ಪು ಅಭಿಮಾನಿಗಳದ್ದು. ಎರಡೂ ಜಾಕಿ ಬರೆದ ಹಾಡು ಅಂತಾರೆ. ಅಲ್ಲ. 'ವೆನ್ ಯು ವಾಕ್' ಮಾತ್ರ ಅವರದ್ದು. 'ನೀಡಲ್ಸ್' ಮೇಲಿರೋದು ಜ್ಯಾಕ್ ನಿಟ್ಶೆ, ಸನ್ನಿ ಬೋನೋ ಹೆಸರು. ಹಾಗಂತ ಜಾಕಿ ಸುಮ್ನೆ ಹಾಡುಗಾರ್ತಿ ಅಂದುಕೊಳ್ಳಬೇಡಿ. 1981ರಲ್ಲಿ ಕಿಮ್ ಕಾರ್ನ್ಸ್ ಹಾಡಿ ಎಲ್ಲೆಡೆ ಮೊಳಗಿದ 'ಬೆಟ್ಟಿ ಡೇವಿಸ್ ಐಸ್' ಇದೆಯಲ್ಲ, ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಇವರೇ. ಇನ್ನೊಬ್ಬರು ಡೊನ್ನಾ ವೈಸ್.