ಗೋಡೆಗೂ ಚಳಿಯಾ?

ಕಳೆದ ವಾರ ತೀರ್ಥಹಳ್ಳಿ ಪೇಟೆಗೆ ಹೋಗಿ ಸಂಜೆ ವಾಪಸ್ ಬಂದರೆ ನನ್ನ ಎಡಗಡೆ ಸ್ಪೀಕರು ಮೂಲೆ ಸೇರಿತ್ತು. ಅದು ನಿಂತಿದ್ದ ಜಾಗದಲ್ಲಿ ಚಾಪೆ, ಚಾಪೆ ಮೇಲೆ ಅಮ್ಮನ ಹಳೇ ಸೀರೆ, ಸೀರೆ ಮೇಲೆ ಸಾಲಾಗಿ ಹಲಸಿನ ಹಪ್ಪಳ. ಅಲ್ಲಿ ಜಾಗ ಸಾಲದ ನಾಲ್ಕು ಹಪ್ಪಳ ಸ್ಪೀಕರಿನ ನೆತ್ತಿಯ ಮೇಲೇ ಮಲಗಿದ್ದವು.

“ಅಂಗಳದಲ್ಲಿ ಹಾಕಿದ್ರೆ ಮಂಗ ಬಿಡ್ತಾವಾ? ಕಿಟಕಿ ಬಿಸಿಲು ಬೀಳೋದು ಅಲ್ಲೇ. ನಿನ್ನ ಪೆಟ್ಟಿಗೆಗೆ ಎಂಥ, ಎಲ್ಲಿಟ್ಟರೂ ಹಾಡ್ತದೆ,” ಅಂದಳು ಅಮ್ಮ.

ಎಲ್ಲಿಟ್ಟರೂ ಹಾಡುತ್ತದಂತೆ! ನಾಲ್ಕು ತಿಂಗಳು ಅಳತೆ ಟೇಪು ಹಿಡಿದು ಮಂಡಿಯೂರಿ ನೆಲ ಸವೆಸಿದವನಿಗೆ ಹೇಳುವ ಮಾತೇ ಇದು? ಗೋಡೆಯಿಂದ ಎರಡೂವರೆ ಅಡಿ ಮುಂದೆ, ಒಂದಕ್ಕೊಂದು ಏಳಡಿ ದೂರ, ಎರಡರಿಂದಲೂ ನನ್ನ ಕುರ್ಚಿಗೆ ಏಳೇ ಅಡಿ. ಟ್ವೀಟರು, ಅಂದರೆ ಸ್ಪೀಕರಿನಲ್ಲಿ ತೆಳು ಸ್ವರ ಹೊರಡಿಸುವ ಪುಟ್ಟ ಬಾಯಿ, ಸರಿಯಾಗಿ ಕಿವಿಯ ಎತ್ತರಕ್ಕೆ ಬರಬೇಕೆಂದು ಕೆಳಗೆ ಊಟದ ಮಣೆಗಳನ್ನು ಪೇರಿಸಿದ್ದೆ. ನೆಂಟರು ಬಂದಾಗ ಕೂರಲು ಮಣೆಯಿಲ್ಲ ಅಂತ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದೂ ಆಗಿತ್ತು. ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಬೇರೆ. ಅದನ್ನೂ ಯಾರೋ ಒರೆಸಿದ್ದರು.

ಮೂಲೆಗೆ ನೂಕಿದ ಸ್ಪೀಕರು ಗುಂಯ್‌ಗುಟ್ಟಿ ಮಾತನ್ನೇ ನುಂಗುತ್ತದೆ ಅನ್ನುವುದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಕಲಿಸಿದ್ದು ಅಡಿಕೆ ಬೇಯಿಸುವ ಹಂಡೆ.

ಆಗ ನಮ್ಮ ಮನೆಯಲ್ಲಿ ಕೊಯ್ಲಿನ ಕಾಲ ಅಂದರೆ ರಾತ್ರಿ ಹನ್ನೆರಡರವರೆಗೂ ಅಡಿಕೆ ಸುಲಿತ. ಅಂಗಳದ ಚಪ್ಪರದಡಿ ಎರಡು ಸಾಲು ಜನ, ಎಲ್ಲರ ಮುಂದೆ ಮೆಟ್ಟುಗತ್ತಿ, ನಡುವೆ ಹಸಿ ಅಡಿಕೆಯ ರಾಶಿ. ಚಿಕ್ಕಪ್ಪ ಅದೇ ವರ್ಷ ಬೊಂಬಾಯಿಯಿಂದ ಆರು ಸೆಲ್ಲಿನ ಟೇಪ್ ರೆಕಾರ್ಡರು ತಂದಿದ್ದ. ಜೊತೆಗೆ ತಾಳಮದ್ದಲೆಯ ಕ್ಯಾಸೆಟ್ಟು. ಈ ತುದಿಯಲ್ಲಿಟ್ಟರೆ ಆ ತುದಿಯವರಿಗೆ ಭಾಗವತರು ಕೇಳುವುದಿಲ್ಲ, ಆ ತುದಿಗಿಟ್ಟರೆ ಇವರ ತಕರಾರು. ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುವವರು ಡಬ್ಬ ಮರೆತು ಜಗಳಕ್ಕೆ ನಿಂತರು. ಚಿಕ್ಕಪ್ಪ ಸುತ್ತ ನೋಡಿ, ಬಾಗಿಲಿನಷ್ಟು ಬಾಯಿಯ ತಾಮ್ರದ ಹಂಡೆ ಖಾಲಿ ಕೂತಿದ್ದನ್ನು ಕಂಡು, ಟೇಪ್ ರೆಕಾರ್ಡರನ್ನು ಅದರೊಳಗೆ ಇಳಿಸಿದ.

ಗುಂಯ್ ಅಂತ ಇಡೀ ಅಂಗಳ ತುಂಬಿತು. ಮದ್ದಲೆಯ ಒಂದೊಂದು ಪೆಟ್ಟೂ ಗುಡುಗು. ಅರ್ಥಧಾರಿಗಳ ಮಾತು ಒಂದಕ್ಷರ ತಿಳಿಯದಿದ್ದರೂ ಜನಕ್ಕೆ ಖುಷಿಯೋ ಖುಷಿ. ಅದಕ್ಕೆ ಸರಿಯಾಗಿ ಪ್ರಸಂಗವೂ ಕೌರವ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತದ್ದು. ನೀರಿನ ತಳದಿಂದಲೇ ಬಂದ ಹಾಗೆ ಕೌರವನ ದನಿ! ತೊಂದರೆ ಶುರುವಾದದ್ದು ದಡದಲ್ಲಿ ನಿಂತ ಭೀಮ ಮೂದಲಿಸಲು ಬಾಯಿ ತೆರೆದಾಗ. ಸುಲಿಯುವುದರಲ್ಲಿ ಊರಿಗೇ ಮೊದಲಿನವಳಾದ ಅಜ್ಜಿಯೊಬ್ಬಳು ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಭೀಮನೂ ನೀರಿಗೆ ಬಿದ್ದನಾ?”

ಚಿಕ್ಕಪ್ಪನಿಗೆ ಅವಮಾನವಾಯಿತು. ಬಾವಿಯ ಹಗ್ಗ ತಂದು ಟೇಪ್ ರೆಕಾರ್ಡರಿನ ಹಿಡಿಗೆ ಕಟ್ಟಿ, ಚಪ್ಪರದ ದಬ್ಬೆಯ ಮೇಲಿಂದ ಇಳಿಬಿಟ್ಟು, ತುದಿಯನ್ನು ನನ್ನ ಕೈಗೆ ಕೊಟ್ಟ. ಕೌರವ ಮಾತಾಡುವಾಗ ಇಳಿಸಬೇಕು, ಭೀಮ ಮಾತಾಡುವಾಗ ಎತ್ತಬೇಕು. ಧರ್ಮರಾಯ ಬಂದರೆ? ಅರ್ಧಕ್ಕೆ. ಮುಕ್ಕಾಲು ಗಂಟೆ ನಾನು ಆ ಕೆಲಸ ಶ್ರದ್ಧೆಯಿಂದ ಮಾಡಿದೆ. ಸವಾಲಿಗೆ ಸವಾಲು ಬಿಸಿಯೇರಿ ಇಬ್ಬರೂ ಒಬ್ಬರ ಬಾಯಿಗೆ ಒಬ್ಬರು ಬೀಳತೊಡಗಿದಾಗ ಎತ್ತುವುದೋ ಇಳಿಸುವುದೋ ತಿಳಿಯದೆ ಹಗ್ಗ ಜಾರಿತು. ಹಂಡೆಯ ತಳದಲ್ಲಿ ಒಂದು ಚೊಂಬಿನಷ್ಟು ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಉಳಿದಿತ್ತು. ಕೌರವನ ತೊಡೆ ಮುರಿಯುವ ಮೊದಲೇ ಪ್ರಸಂಗ ಮುಗಿಯಿತು. ಆಮೇಲೆ ಆ ಪೆಟ್ಟಿಗೆ ಐದು ವರ್ಷ ಬದುಕಿತ್ತು, ಯಾರು ಹಾಡಿದರೂ ನೆಗಡಿ ಬಂದವರ ಹಾಗೆ ಕೇಳುತ್ತಿತ್ತು. ಚಿಕ್ಕಪ್ಪ ಸಾಯುವವರೆಗೂ ನನಗೆ ಹಗ್ಗ ಹಿಡಿಯುವ ಕೆಲಸ ಕೊಡಲಿಲ್ಲ.

ಎಷ್ಟೋ ವರ್ಷದ ಮೇಲೆ ಓದಿದೆ. ಲಂಡನ್ನಿನ ಅಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಹೆಂಡತಿ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಒಂದು ಕಡೆ, ಮಾತು ಇನ್ನೊಂದು ಕಡೆ ಅಂತ ಸಿಡುಕಿದನಂತೆ. ಪಾತ್ರ ಹೋದಲ್ಲಿಗೆ ದನಿಯೂ ಹೋಗಬೇಕು ಅಂತ ಹಟ ಹಿಡಿದು 1931ರ ಡಿಸೆಂಬರಿನಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ. ನಮ್ಮ ಚಿಕ್ಕಪ್ಪನ ತಕರಾರೂ ಅಷ್ಟೇ ಇತ್ತು. ಇವನಿಗೆ ಸಿಕ್ಕಿದ್ದು ಬಾವಿ ಹಗ್ಗ ಮತ್ತು ನಾನು.

ಇರಲಿ. ಹೇಳಲು ಹೊರಟದ್ದು ಕೋಣೆಯ ವಿಷಯ. ಮೊದಲು ನಾನು ಎರಡು ಸ್ಪೀಕರು, ಒಂದು ಕುರ್ಚಿಯ ತ್ರಿಕೋನವನ್ನು ಆರಡಿಗೆ ಎಳೆದಿದ್ದೆ. ಲೆಕ್ಕ ಚೊಕ್ಕ, ಆದರೆ ಹಾಡಿನ ಬುಡವೇ, ಅಂದರೆ ದಪ್ಪ ಸ್ವರವೇ, ಇಲ್ಲ. ನನ್ನ ಕೋಣೆ 14 ಅಡಿ ಉದ್ದ. 40 ಹರ್ಟ್ಸಿನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ, ಶಬ್ದದ ಒಂದು ಅಲೆ ಹೆಚ್ಚುಕಮ್ಮಿ 28 ಅಡಿ. ಅಂದರೆ ಅರ್ಧ ಅಲೆ ಆಚೆ ಗೋಡೆ ಈಚೆ ಗೋಡೆಗಳ ನಡುವೆ ಅಳತೆಗೆ ಹೊಲಿಸಿದ ಹಾಗೆ ಸಿಕ್ಕಿಕೊಳ್ಳುತ್ತದೆ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಮಿಡಿಯುವುದೂ 41ರ ಹತ್ತಿರವೇ. ಹಿಂದಿನ ಗೋಡೆಗೆ ತಲೆ ಆನಿಸಿ ಕೂತರೆ ಆ ಸ್ವರ ಎದೆ ಮೇಲೆ ಹತ್ತಿ ಕೂರುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಮಾಯ. ನನ್ನ ಕುರ್ಚಿ ಬಿದ್ದಿದ್ದು ಹೆಚ್ಚುಕಮ್ಮಿ ನಟ್ಟನಡುವೆ. ಏಳಡಿಗೆ ಹಿಗ್ಗಿಸಿ ಕುರ್ಚಿಯನ್ನು ಹಿಂದೆ ಸರಿಸಿದ ಮೇಲೆ ಬುಡ ಬಂತು. ಖರ್ಚು? ಸೊನ್ನೆ.

ಇದನ್ನು ಬೆಂಗಳೂರಿನ ಅಳಿಯನಿಗೆ ಹೇಳಿದರೆ, “ಮಾವ, ಮೊದಲು ವೈರ್ ಚೇಂಜ್ ಮಾಡಿ,” ಅನ್ನುತ್ತಾನೆ. ಅವನು ಹೇಳುವ ವೈರಿನ ದುಡ್ಡಿಗೆ ನನ್ನ ಎರಡೂ ಸ್ಪೀಕರು ಬಂದು, ಮೇಲೆ ಒಂದು ಹಾಸುಗಂಬಳಿಯೂ ಬರುತ್ತದೆ. ಅವನ ಮನೆಯಲ್ಲಿ ಮಾತ್ರ ಒಂದು ಸ್ಪೀಕರು ಫ್ರಿಜ್ಜಿನ ಮೇಲೆ, ಇನ್ನೊಂದು ಸೋಫಾದ ಹಿಂದೆ. ಇಂಥವರಿಗೆ ಬುದ್ಧಿ ಹೇಳುವುದನ್ನು ಬಿಟ್ಟಿದ್ದೇನೆ.

ಆದರೆ ಕನ್ನಡಿಯ ಉಪಾಯ ಹೇಳಿಕೊಟ್ಟವನೂ ಅವನೇ, ಒಪ್ಪಬೇಕು. ನಾನು ಕುರ್ಚಿಯಲ್ಲಿ ಕೂರುವುದು, ಅವನು ಪಕ್ಕದ ಗೋಡೆಗೆ ಕನ್ನಡಿ ಒತ್ತಿಕೊಂಡು ಸರಿಯುತ್ತಾ ಹೋಗುವುದು. ಕನ್ನಡಿಯಲ್ಲಿ ನನಗೆ ಸ್ಪೀಕರು ಕಂಡ ಕಡೆಯೇ ದನಿ ಗೋಡೆಗೆ ಬಡಿದು ಕಿವಿಗೆ ಬರುವ ಜಾಗ. ಅಲ್ಲಿ ಮೆತ್ತಗಿನದ್ದೇನಾದರೂ ಇಡಬೇಕು. ಎರಡೂ ಕಡೆ ಕರಿ ಕಂಬಳಿ ನೇತುಹಾಕಿದೆ. ಹಾಡುವವರ ಮಾತು ಬಿಡಿಬಿಡಿಯಾಯಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, “ಎಂಥದಾ ಇದು, ಗೋಡೆಗೂ ಚಳಿಯಾ?” ಅಂದು ಕೊಟ್ಟಿಗೆಗೆ ಹೋದಳು.

ಅವಳದು ರೇಡಿಯೋ ಕಾಲದ ಕಿವಿ. ಅಡುಗೆಮನೆ ನಾಗಂದಿಗೆ ಮೇಲಿನ ಭದ್ರಾವತಿ ಆಕಾಶವಾಣಿಯನ್ನು ಬಚ್ಚಲಿಂದ, ಕೊಟ್ಟಿಗೆಯಿಂದ, ಹಿತ್ತಿಲಿಂದ ಕೇಳಿದವಳು. ಒಗ್ಗರಣೆ ವಾಸನೆಯ ಹಾಗೆ ಹಾಡೂ ಮನೆಯಿಡೀ ಹರಡುವಂಥದ್ದು ಅವಳ ಲೆಕ್ಕದಲ್ಲಿ. ಹಾಡು ಕೇಳಲು ಒಬ್ಬನೇ, ಒಂದೇ ಕುರ್ಚಿಯಲ್ಲಿ, ತಲೆ ಅಲ್ಲಾಡಿಸದೆ ಕೂರುವವನನ್ನು ಕಂಡರೆ ಅವಳಿಗೆ ಸಣ್ಣ ಭಯವೇ ಇದ್ದೀತು. ಹಾಗಂತ ಸ್ಪೀಕರಿನ ನೆತ್ತಿ ಮೇಲೆ ಹಪ್ಪಳ ಒಣಗಿಸುವುದಾ?

ಎಲ್ಲರೂ ಮಲಗಿದ ಮೇಲೆ ಚಾಪೆಯನ್ನು ಮೆಲ್ಲಗೆ ಎಳೆದು, ಒರೆಸಿಹೋದ ಗುರುತಿನ ಅಂದಾಜಿನಲ್ಲಿ ಸ್ಪೀಕರನ್ನು ವಾಪಸ್ ತಂದೆ. ಅಳತೆ ಟೇಪು ಸಿಗಲಿಲ್ಲ. ಅದನ್ನೂ ಯಾರೋ ಎತ್ತಿಟ್ಟಿದ್ದರು. ನೆತ್ತಿ ಮೇಲಿನ ನಾಲ್ಕು ಹಪ್ಪಳದಲ್ಲಿ ಮೂರನ್ನು ಸೀರೆ ಮೇಲೆ ಹಾಕಿ, ಅರೆ ಒಣಗಿದ್ದ ಒಂದನ್ನು ಕುರ್ಚಿಯಲ್ಲಿ ಕೂತು ಹಾಗೇ ತಿಂದೆ. ಉಪ್ಪು ಸ್ವಲ್ಪ ಕಮ್ಮಿಯಾಗಿತ್ತು. ಬೆಳಿಗ್ಗೆ ಎದ್ದು ಹೇಳಲಿಲ್ಲ.