ಬೋರ್ ಆಗುವುದನ್ನೆಲ್ಲ ಕಟ್ ಮಾಡಿದ್ದೇನೆ ಮಾಷ್ಟ್ರೆ

1994ರ ಮೇ ತಿಂಗಳಲ್ಲಿ ನಮ್ಮ ಚಿಕ್ಕಮ್ಮನ ಮದುವೆ. ಮನೆಯಂಗಳದಲ್ಲೇ ಚಪ್ಪರ. ಕಾಸರಗೋಡು ಪೇಟೆಯಿಂದ ವಿಡಿಯೋದವರು ಬಂದಿದ್ದರು. ಒಬ್ಬರ ಹೆಗಲ ಮೇಲೆ ಕ್ಯಾಮೆರಾ, ಹಿಂದೆ ಲೈಟ್ ಹಿಡಿದುಕೊಂಡು ಒಬ್ಬ ಹುಡುಗ, ಅವನ ಹಿಂದೆ ವಯರ್ ಎಳೆಯಲು ಇನ್ನೊಬ್ಬ. ಅವರು ಲೈಟ್ ಹಾಕಿದಾಗಲೆಲ್ಲ ಮನೆಯೊಳಗಿನ ಫ್ಯಾನ್ ನಿಧಾನ ಆಗುತ್ತಿತ್ತು.

ಆ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಕ್ಯಾಮೆರಾ ಅಜ್ಜಿಯ ಕಡೆ ತಿರುಗುತ್ತದೆ. ಬಾಳೆಲೆ ಕಟ್ಟು ಹಿಡಿದು ಊಟದ ಚಪ್ಪರಕ್ಕೆ ಹೊರಟಿದ್ದ ಅಜ್ಜಿ ಅಲ್ಲೇ ನೆಟ್ಟಗೆ ನಿಂತುಬಿಡುತ್ತಾರೆ. ಉಸಿರೂ ಬಿಡುವುದಿಲ್ಲ. ಅವರ ಲೆಕ್ಕದಲ್ಲಿ ಅದು ಫೋಟೋ. ಅಜ್ಜಿ ನಡೆಯಲಿ ಎಂದು ಕ್ಯಾಮೆರಾದವರು ಕಾಯುತ್ತಾರೆ. ಫೋಟೋ ಆಗಲಿ ಎಂದು ಅಜ್ಜಿ ಕಾಯುತ್ತಾರೆ. ಹಿಂದೆ ಅಡಿಗೆ ಭಟ್ರು ಹೆಗಲಿನ ಬೈರಾಸಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ನನ್ನ ತಮ್ಮ ಒಂದು ಹೋಳಿಗೆ ಎತ್ತಿಕೊಂಡು ಕಂಬದ ಮರೆಗೆ ಓಡುತ್ತಾನೆ. ಕೊನೆಗೆ ಅಜ್ಜಿ ತುಟಿ ಮಾತ್ರ ಅಲುಗಿಸಿ ಕೇಳುತ್ತಾರೆ, "ಫಟ ತೆಗದಾತೋ?"

ಕಳೆದ ತಿಂಗಳು ಆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಲು ಒಂದು ಸ್ಟುಡಿಯೋಗೆ ಕೊಟ್ಟೆ. ಕೊಟ್ಟದ್ದು ಮೂರು ಗಂಟೆಯ ಕ್ಯಾಸೆಟ್, ಬಂದದ್ದು 38 ನಿಮಿಷ. ಧಾರೆ ಇದೆ, ತಾಳಿ ಇದೆ, ಗುಲಾಬಿ ಹೂವಿನೊಳಗೆ ಮದುಮಗ ಮದುಮಗಳು ಇದ್ದಾರೆ, ಉದ್ದಕ್ಕೂ ಕೊಳಲಿನ ಮ್ಯೂಸಿಕ್. ಅಜ್ಜಿ ಇಲ್ಲ.

"ಬೋರ್ ಆಗುವುದನ್ನೆಲ್ಲ ಕಟ್ ಮಾಡಿದ್ದೇನೆ ಮಾಷ್ಟ್ರೆ. ಈಗ ನೋಡ್ಲಿಕ್ಕೆ ಚಂದ ಉಂಟು" ಎಂದರು ಸ್ಟುಡಿಯೋದವರು. ಕ್ಯಾಸೆಟ್ ಎಲ್ಲಿ ಅಂದರೆ, "ಅದಕ್ಕೆ ಫಂಗಸ್ ಹಿಡಿದಿತ್ತಲ್ಲ, ಬಿಸಾಡಿಯಾಯ್ತು."

ಜಗಳ ಮಾಡುವ ಹಾಗೂ ಇಲ್ಲ. ಪಾಪ, ಅವರು ನನಗೆ ಒಳ್ಳೆಯದೇ ಮಾಡಿದ್ದೇನೆ ಅಂದುಕೊಂಡಿದ್ದಾರೆ. ಜಾಸ್ತಿ ದುಡ್ಡೂ ತಗೊಳ್ಳಲಿಲ್ಲ. ಆದರೆ ಅಂದಿನಿಂದ ನನ್ನ ತಲೆಯಲ್ಲಿ ಒಂದೇ ವಿಷಯ ತಿರುಗುತ್ತಿದೆ, ಬೋರ್ ಅಂದರೆ ಯಾವುದು?

ನನಗೊಂದು ಹುಚ್ಚಿದೆ. ರಾತ್ರಿ ಊಟ ಆದ ಮೇಲೆ ನೂರಿಪ್ಪತ್ತು ವರ್ಷ ಹಿಂದಿನ ಮೂಕಿ ಚಿತ್ರಗಳನ್ನು ನೋಡುತ್ತೇನೆ. ಕಥೆ ಇರುವಂಥವಲ್ಲ, ಸುಮ್ನೆ ಬೀದಿ, ಸಂತೆ, ಮೆರವಣಿಗೆ. ಸಿನಿಮಾ ಶುರುವಾದ ಕಾಲದ ಫ್ರಾನ್ಸಿನ ಲೂಮಿಯೇರ್ ಸಹೋದರರ ರೀಲಿನ ಉದ್ದ ಸುಮಾರು 17 ಮೀಟರ್, ಓಡುವುದು 50 ಸೆಕೆಂಡಿನ ಆಸುಪಾಸು. 1895ರಲ್ಲಿ ತಮ್ಮದೇ ಫ್ಯಾಕ್ಟರಿಯ ಗೇಟಿನ ಎದುರು ಕ್ಯಾಮೆರಾ ಇಟ್ಟು, ಕೆಲಸದವರು ಹೊರಗೆ ಬರುವುದನ್ನು ಹಿಡಿದರು. ಒಂದು ನಾಯಿ ಬರುತ್ತದೆ, ಸೈಕಲ್ ಬರುತ್ತದೆ. ಅಷ್ಟೇ. ಮಜಾ ಏನೆಂದರೆ ಅದರಲ್ಲಿ ಮೂರು ಆವೃತ್ತಿ ಇವೆ. ಒಂದರಲ್ಲಿ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಅಂದರೆ ಫ್ಯಾಕ್ಟರಿಯವರನ್ನು ಮತ್ತೆ ಮತ್ತೆ ಹೊರಗೆ ಬರಿಸಿದ್ದಾರೆ. "ಇನ್ನೊಮ್ಮೆ ಮಾಲೆ ಹಾಕಿ" ಎನ್ನುವ ನಮ್ಮ ಮದುವೆ ವಿಡಿಯೋದವರನ್ನು ಬಯ್ಯುವ ಮೊದಲು ಇದನ್ನು ನೆನಪಿಡಬೇಕು.

ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಅಪ್ಪ ಅಮ್ಮ ಮಗುವಿಗೆ ತಿನ್ನಿಸುತ್ತಾರೆ. ಆಗ ನೋಡಿದವರು ಬೆರಗಾದದ್ದು ಮಗುವನ್ನು ನೋಡಿ ಅಲ್ಲವಂತೆ, ಹಿಂದೆ ಗಾಳಿಗೆ ಅಲುಗುತ್ತಿದ್ದ ಮರದ ಎಲೆಗಳನ್ನು ನೋಡಿ! ಎಲೆ ಅಲುಗಿಸಿ ಎಂದು ಯಾರೂ ಹೇಳಿರಲಿಲ್ಲ. ಅದು ತಾನಾಗಿ ಬಂದು ಸೇರಿಕೊಂಡದ್ದು. ನಮ್ಮ ಸ್ಟುಡಿಯೋದವರ ಕೈಗೆ ಆ ರೀಲು ಸಿಕ್ಕಿದ್ದರೆ ಮರವನ್ನು ಖಂಡಿತ ಬ್ಲರ್ ಮಾಡುತ್ತಿದ್ದರು.

ದೊಡ್ಡ ಸಮಾರಂಭದ ಚಿತ್ರಗಳಲ್ಲೂ ಕಣ್ಣು ಹೋಗುವುದು ಇಂಥದ್ದರ ಮೇಲೆಯೇ. 1911ರ ದಿಲ್ಲಿ ದರ್ಬಾರಿನಲ್ಲಿ, ಅಂದರೆ ಬ್ರಿಟಿಷ್ ಚಕ್ರವರ್ತಿ ಐದನೇ ಜಾರ್ಜನ ಪಟ್ಟದ ಸಮಾರಂಭದಲ್ಲಿ, ತುಂಬ ಕ್ಯಾಮೆರಾಗಳಿದ್ದವು. ಕಿನಿಮಾಕಲರ್ ಎಂಬ ಕ್ರಮದಲ್ಲಿ, ಕೆಂಪು ಮತ್ತು ಹಸಿರು ಗಾಜಿನ ಮೂಲಕ, ಬಣ್ಣದಲ್ಲೂ ತೆಗೆದರು. ಛತ್ರಿ, ಮುತ್ತಿನ ಹಾರ, ಎಲ್ಲ ಉಂಟು. ಆದರೆ ಊರಿಡೀ ಮಾತಾಡಿದ್ದು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಗ್ಗೆ. ಅವರು ಚಕ್ರವರ್ತಿಯ ಎದುರು ಒಮ್ಮೆ ಚಿಕ್ಕದಾಗಿ ತಲೆಬಾಗಿ, ಬೆನ್ನು ತಿರುಗಿಸಿ ನಡೆದುಬಿಟ್ಟರು. ಇಂಗ್ಲೆಂಡಿನ ಥಿಯೇಟರುಗಳಲ್ಲಿ ಜನ ಅದನ್ನು ಕಣ್ಣಾರೆ ನೋಡಿದರು, ದೊಡ್ಡ ಗಲಾಟೆಯೇ ಆಯಿತು. ರಾಜರ ವೈಭವ ತೋರಿಸಲು ಇಟ್ಟ ಕ್ಯಾಮೆರಾ ಒಬ್ಬನ ಬೆನ್ನನ್ನು ಹಿಡಿದುಕೊಂಡು ಬಂತು.

ನಮ್ಮವರೂ ತೆಗೆದಿದ್ದಾರೆ. 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳನ್ನು ತೋರಿಸಿದರು, ಟಿಕೆಟ್ ಒಂದು ರೂಪಾಯಿ. ಅಲ್ಲಿಯ ಫೋಟೋಗ್ರಾಫರ್ ಹರಿಶ್ಚಂದ್ರ ಸಖಾರಾಮ್ ಭಾಟವಡೇಕರ್, ಜನರ ಬಾಯಲ್ಲಿ ಸಾವೆ ದಾದಾ, ಈ ಹೊಸ ಚಿತ್ರಗಳನ್ನು ಕಂಡು ಇಂಗ್ಲೆಂಡಿನಿಂದ ಕ್ಯಾಮೆರಾ ತರಿಸಿಕೊಂಡರು. 1899ರಲ್ಲಿ ಒಂದು ಕುಸ್ತಿ ಹಿಡಿದರು. 1901ರಲ್ಲಿ ಕೇಂಬ್ರಿಜ್‌ನಲ್ಲಿ ಲೆಕ್ಕದ ಪರೀಕ್ಷೆಯಲ್ಲಿ ಮೊದಲಿಗ, ಅಂದರೆ ಸೀನಿಯರ್ ರ‍್ಯಾಂಗ್ಲರ್ ಆಗಿ ಬಂದ ಆರ್. ಪಿ. ಪರಾಂಜಪೆಯವರಿಗೆ ಊರಿನವರು ಮಾಡಿದ ಸ್ವಾಗತ ಹಿಡಿದರು. ನಾನು ಲೆಕ್ಕದ ಮಾಷ್ಟ್ರಾಗಿದ್ದವನು. ಒಬ್ಬ ಲೆಕ್ಕದ ಮಾಷ್ಟ್ರಿಗೆ ಹಾರ ಹಾಕಲು ಜನ ಸೇರಿದ್ದನ್ನು ನೋಡಬೇಕೆಂದು ನನಗೆ ಎಷ್ಟು ಆಸೆ ಇರಬೇಡ! ಆ ಚಿತ್ರಗಳು ಈಗ ಇಲ್ಲ. ಕಲ್ಕತ್ತೆಯ ಹೀರಾಲಾಲ್ ಸೇನ್ ತೆಗೆದದ್ದೆಲ್ಲ 1917ರ ಬೆಂಕಿಯಲ್ಲಿ ಹೋಯಿತು. ಆ ಕಾಲದ ನೈಟ್ರೇಟ್ ಫಿಲಂ ಹಾಗೆಯೇ. ಒಮ್ಮೆ ಹತ್ತಿಕೊಂಡರೆ ನೀರು ಹೊಯ್ದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ.

ಉಳಿದದ್ದೂ ಒಮ್ಮೊಮ್ಮೆ ಹೇಗೋ ಉಳಿದಿರುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಊರಲ್ಲಿ ಮಿಚೆಲ್ ಮತ್ತು ಕೆನ್ಯನ್ ಎಂಬಿಬ್ಬರು ಫ್ಯಾಕ್ಟರಿ ಗೇಟು, ಶಾಲೆ ಮಕ್ಕಳು, ಫುಟ್‌ಬಾಲ್ ನೋಡಲು ಬಂದ ಜನ, ಎಲ್ಲವನ್ನೂ ತೆಗೆದು ಜಾತ್ರೆಗಳಲ್ಲಿ ತೋರಿಸುವವರಿಗೆ ಕೊಡುತ್ತಿದ್ದರು. ತಮ್ಮ ಮುಖ ತಾವೇ ನೋಡಲು ಜನ ಟಿಕೆಟ್ ಕೊಟ್ಟು ಬರುತ್ತಿದ್ದರು. ಹೆಚ್ಚು ಮುಖ, ಹೆಚ್ಚು ಟಿಕೆಟ್. ಮದುವೆ ವಿಡಿಯೋದವರು ಪಂಕ್ತಿಯಲ್ಲಿ ಒಬ್ಬೊಬ್ಬರ ಎಲೆಯನ್ನೂ ಬಿಡದೆ ತೆಗೆಯುತ್ತಿದ್ದರಲ್ಲ, ಅದೇ ಲೆಕ್ಕ. ಆ ಸುಮಾರು 800 ರೀಲುಗಳು ಒಂದು ಹಳೇ ಅಂಗಡಿಯ ನೆಲಮಾಳಿಗೆಯಲ್ಲಿ, ತಗಡಿನ ಡ್ರಮ್ಮುಗಳಲ್ಲಿ ಸಿಕ್ಕಿದ್ದು 1994ರಲ್ಲಿ. ನಮ್ಮ ಚಿಕ್ಕಮ್ಮನ ಮದುವೆಯ ವರ್ಷ! ಕಸಕ್ಕೆ ಹೋಗುವುದಿತ್ತು, ಸ್ವಲ್ಪದರಲ್ಲಿ ತಪ್ಪಿತು. ಅವುಗಳಲ್ಲೂ ನಮ್ಮ ಅಜ್ಜಿಯ ಹಾಗೆ ನಿಂತುಬಿಟ್ಟವರು ಇದ್ದಾರೆ. ನಡೆಯುತ್ತಾ ಬಂದವರು ಕ್ಯಾಮೆರಾ ಕಂಡು ಗಕ್ಕನೆ ನಿಲ್ಲುತ್ತಾರೆ, ಹಿಂದಿನವರು ಬಂದು ಡಿಕ್ಕಿ ಹೊಡೆಯುತ್ತಾರೆ.

ಈಗ ಯೂಟ್ಯೂಬಿನಲ್ಲಿ ಇವಕ್ಕೆಲ್ಲ ಬಣ್ಣ ಬಳಿದು, ಕುದುರೆಯ ಟಕ್‌ಟಕ್ ಸದ್ದು ಸೇರಿಸಿ ಬಿಡುತ್ತಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ. ನನಗೆ ಆಗುವುದಿಲ್ಲ. ಹೆಂಗಸಿನ ಲಂಗ ನೀಲಿ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತು? ಅದಕ್ಕೆ ಕಂಡದ್ದು ಬರೀ ಬೂದಿ ಬಣ್ಣ. ಉಳಿದದ್ದು ಊಹೆ. ಜನ ಬಿರಬಿರನೆ ಓಡುವ ಹಾಗೆ ಕಾಣುವುದನ್ನು ಸರಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಕೈಯಿಂದ ತಿರುಗಿಸಿ ಸೆಕೆಂಡಿಗೆ ಸುಮಾರು 16 ಚಿತ್ರ ತೆಗೆದದ್ದನ್ನು 24ರ ವೇಗದಲ್ಲಿ ಓಡಿಸಿದರೆ ಹಾಗಾಗುತ್ತದೆ, ಅದು ತೋರಿಸುವವರ ತಪ್ಪು. ಬಣ್ಣ, ಸದ್ದು ಬೇರೆ ಮಾತು. ಅದು ನಮ್ಮ ಕ್ಯಾಸೆಟ್ಟಿಗೆ ಸೇರಿಸಿದ ಕೊಳಲಿನ ಥರ. ಅಲ್ವಾ?

ಅದೂ ಅಲ್ಲದೆ ಮಾತಿಲ್ಲದ ಚಿತ್ರ ನಮ್ಮ ಕಾಸರಗೋಡಿನಂಥ ಕಡೆಗೆ ಹೇಳಿ ಮಾಡಿಸಿದ್ದು. ಏಳು ಭಾಷೆಯ ಊರು, ಯಾವ ಭಾಷೆಯಲ್ಲಿ ಡಬ್ ಮಾಡುವುದು ಎಂಬ ಜಗಳವೇ ಇಲ್ಲ! 1907ರಲ್ಲಿ ರೈಲು ಮಂಗಳೂರು ಮುಟ್ಟಿತಲ್ಲ, ಆಗ ಕುಂಬಳೆ ಸ್ಟೇಷನ್ನಿನಲ್ಲಿ ಯಾರಾದರೂ ಕ್ಯಾಮೆರಾ ಇಟ್ಟಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಇಂಜಿನ್ನಿಗೆ ಹಾರ ಹಾಕುವುದು ನನಗೆ ಬೇಡ. ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ ಹಾಕಿಕೊಂಡು ದೂರದ ಗದ್ದೆಯ ಬದುವಿನಲ್ಲಿ ನಿಂತು ನೋಡುವವರು ಬೇಕು. ಅವರು ಕೈ ಎತ್ತಿದರೋ, ಹೆದರಿ ಹಿಂದೆ ಸರಿದರೋ, ಅಷ್ಟು ಸಾಕು.

ಚಿಕ್ಕಮ್ಮನಿಗೆ ವಿಷಯ ಹೇಳಿದೆ. ಅವರು ಬೇಸರ ಮಾಡಲಿಲ್ಲ, "ಗಂಡನ ಮನೆಯಲ್ಲಿ ಒಂದು ಕಾಪಿ ಇತ್ತು ಮಾರಾಯ" ಎಂದರು. ಮೊನ್ನೆ ವಿಟ್ಲಕ್ಕೆ ಹೋಗಿ ಅಟ್ಟ ಹುಡುಕಿದೆವು. ಸಿಕ್ಕಿತು. ಟೇಪಿನ ಅಂಚಿನಲ್ಲಿ ಬೆಳ್ಳಗೆ ಹಿಡಿದಿದೆ, ಆದರೆ ಕಡಿದಿಲ್ಲ. ಈಗ ಅಕ್ಕಿ ಡಬ್ಬಿಯೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ.

ಕಾಸರಗೋಡು, ಬದಿಯಡ್ಕ, ಪೆರ್ಲ ಕಡೆ ಯಾರ ಮನೆಯಲ್ಲಾದರೂ ಓಡುವ ವಿಸಿಆರ್ ಇದ್ದರೆ ಹೇಳಿ. ನಾನೇ ಕ್ಯಾಸೆಟ್ ತರುತ್ತೇನೆ, ಪಕ್ಕದಲ್ಲೇ ಕೂತಿರುತ್ತೇನೆ.